ಜಿಪ್ಸಿ ಇಂಜಿನ್ ಇಳಿಸುವ ಮುಂಚೆ ಒಂದು ಮಾತು

ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಹಳೇ ಮಾರುತಿ ಜಿಪ್ಸಿ ಜೀಪುಗಳಿಗೆ ಮತ್ತೆ ಕಾಲ ಬಂದಿದೆ. ಅಡಿಕೆ ಚೀಲದ ಹಿಂದೆ ಧೂಳು ತಿನ್ನುತ್ತಾ ನಿಂತಿದ್ದ ಗಾಡಿಗಳು ಒಂದೊಂದಾಗಿ ಶೆಡ್ಡಿನಿಂದ ಹೊರಗೆ ಬರ್ತಿವೆ. ನೋಡೋಕೆ ಖುಷಿ. ಆದರೆ ಹೊರಗೆ ಬಂದ ಗಾಡಿಗೆ ಮೊದಲು ಮಾಡಿಸೋ ಕೆಲಸ ಯಾವುದು ಅಂತ ನೋಡಿದರೆ ಹೊಟ್ಟೆ ಉರಿಯುತ್ತೆ. ಗಾಡಿಯ ಜೊತೆಗೇ ಬಂದ ಇಂಜಿನ್ ಇಳಿಸಿ ಗುಜರಿಗೆ ಕೊಡೋದು, ಎಸ್ಟೀಮ್ ಕಾರಿನದೋ ಇನ್ಯಾವುದರದೋ ಇಂಜಿನ್ ತಂದು ಕೂರಿಸೋದು. ಇದು ತಪ್ಪು ಅಂತ ಖಡಾಖಂಡಿತವಾಗಿ ಹೇಳ್ತೀನಿ. ಸಿಟ್ಟು ಬಂದರೂ ಪೂರ್ತಿ ಓದಿ.

1985ರಲ್ಲಿ ಬಂದ ಮೊದಲ ಜಿಪ್ಸಿಯೊಳಗೆ ಇದ್ದದ್ದು ಸುಜುಕಿಯ ಎಫ್10ಎ. 970 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್, ಸುಮಾರು 45 ಕುದುರೆ ಶಕ್ತಿ. 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರ ಮೂರು ಸಿಲಿಂಡರಿನ ಎಫ್8ಬಿ ಇದರದೇ ಮನೆತನ. ಎರಡಕ್ಕೂ ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ) ಒಂದೇ, 72 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ) ಮಾತ್ರ ಬೇರೆ: 800ರದ್ದು 68.5, ಜಿಪ್ಸಿಯದು 65.5. ಅಂದರೆ ಸಣ್ಣ ಕಾರಿನ ಪಿಸ್ಟನ್ನೇ ಜಿಪ್ಸಿಯದಕ್ಕಿಂತ ದಪ್ಪ! ಎರಡರದೂ ಬ್ಲಾಕ್ (ಸಿಲಿಂಡರ್ ಇರುವ ಭಾಗ) ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಈ ಕಬ್ಬಿಣದ ಬ್ಲಾಕ್ ಇದೆಯಲ್ಲ, ಅದನ್ನು ಸವೆದಾಗ ಕೊರೆದು ಮತ್ತೆ ಕಟ್ಟೋದಕ್ಕೆ ಅಂತಲೇ ಮಾಡಿದ್ದು. 0.25 ಮತ್ತು 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್‌ಗೆ ಸುಜುಕಿಯೇ ಲೆಕ್ಕ ಇಟ್ಟುಕೊಂಡಿತ್ತು. ಅದೂ ಮುಗಿದರೆ ಒಳಗೆ ಹೊಸ ಗೋಡೆಯ ಹಾಗೆ ಕೂರುವ ಸ್ಲೀವ್ ಹೊಡೆಸಬಹುದು. ಇಷ್ಟು ದಾರಿ ಇರುವ ಇಂಜಿನ್ನನ್ನು "ಹೋಗಿದೆ ಬಿಡಿ" ಅಂತ ತೂಕಕ್ಕೆ ಹಾಕೋದು ಅನ್ಯಾಯ.

"ಪಿಕಪ್ ಇಲ್ಲ, ಹೊಗೆ ಬರುತ್ತೆ, ಇಂಜಿನ್ ಹೋಗಿದೆ" ಅನ್ನೋ ತೀರ್ಪು ಎಷ್ಟೋ ಸಲ ಬಾನೆಟ್ ಎತ್ತುವ ಮೊದಲೇ ಬಂದಿರುತ್ತೆ. ಮೊದಲು ಅಳೆಯಿರಿ. ನಮ್ಮ ಪಕ್ಕದ ತೋಟದ ಗೌಡರ ಜಿಪ್ಸಿಗೂ ಹೀಗೇ ಒಬ್ಬರು ಇಂಜಿನ್ ಬದಲಾಯಿಸಲೇಬೇಕು ಅಂದಿದ್ದರು. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ, ಅವರ ಹತ್ತಿರ ಒಯ್ದೆವು. ಅವರು ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರು. ಗೌಡರನ್ನು ಸೀಟಿನಲ್ಲಿ ಕೂರಿಸಿ, "ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಕೊಂಡು ಸೆಲ್ಫ್ ಹೊಡೀರಿ ಗೌಡ್ರೇ" ಅಂದರು. ನಾಲ್ಕರಲ್ಲಿ ಮೂರು ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಸಮ. ಮೂರನೇ ನಂಬರಿನ ಸಿಲಿಂಡರಿನಲ್ಲಿ ಮಾತ್ರ ಮುಳ್ಳು ಅರ್ಧದಾರಿಯಲ್ಲೇ ನಿಂತಿತು. ಅದೇ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಹೊಡೆಸಿದರು. ಮುಳ್ಳು ಅಲ್ಲಾಡಲಿಲ್ಲ. ಆಯಿಲ್ ಬಿಟ್ಟಾಗ ಕಂಪ್ರೆಷನ್ ಏರಿದರೆ ರಿಂಗು, ಬೋರು ಸವೆದಿದೆ ಅಂತ ಅರ್ಥ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಹೆಡ್ ಬಿಚ್ಚಿದಾಗ ಕಂಡದ್ದು ಸುಟ್ಟ ಎಕ್ಸಾಸ್ಟ್ ವಾಲ್ವ್. ಸಿಲಿಂಡರ್ ಗೋಡೆಯ ಮೇಲ್ತುದಿಗೆ ಉಗುರು ತಾಗಿಸಿ ನೋಡಿದರೆ ರಿಂಗು ಸವೆಸಿದಾಗ ಉಳಿಯುವ ಅಂಚು ಕೈಗೆ ಸಿಗೋ ಹಾಗಿರಲಿಲ್ಲ, ಬೋರ್ ಗಟ್ಟಿಯಾಗಿತ್ತು. ಹೊಗೆ ವಾಲ್ವ್ ಸೀಲಿನದು. ಒಂದು ವಾಲ್ವ್, ಹೊಸ ಸೀಲ್‌ಗಳು, ಗ್ರೈಂಡಿಂಗ್, ಗ್ಯಾಸ್ಕೆಟ್. ಇಷ್ಟಕ್ಕೆ ಆ ಇಂಜಿನ್ ಗುಜರಿಗೆ ಹೋಗೋದರಲ್ಲಿತ್ತು!

ಈಗ ಬೇರೆ ಇಂಜಿನ್ ಹಾಕಿಸಿದವರ ಮಾತಿಗೆ ಬರ್ತೀನಿ. ಶಕ್ತಿ ಜಾಸ್ತಿ ಸಿಗುತ್ತೆ ಅನ್ನೋದು ನಿಜ, ಅದನ್ನು ಅಲ್ಲಗಳೆಯೋದಿಲ್ಲ. ಮುಂದೆ ಬಂದ 1.3 ಲೀಟರಿನ ಜಿಪ್ಸಿ ಕಿಂಗ್ ಕಾರ್ಬ್ಯುರೇಟರ್ ಇದ್ದಾಗ 60, ಆಮೇಲೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ 16 ವಾಲ್ವಿನ ಎಂಪಿಎಫ್‌ಐ ಬಂದಾಗ 80 ಕುದುರೆ ಶಕ್ತಿ ಕೊಡ್ತಿತ್ತು. ಆದರೆ ಕಂಪನಿ ಆ ಇಂಜಿನ್ ಕೂರಿಸುವಾಗ ಐದು ಗೇರಿನ ಬಾಕ್ಸನ್ನೂ ಕೊಟ್ಟಿತ್ತು. ನಮ್ಮಲ್ಲಿ ಇಂಜಿನ್ ಒಂದನ್ನೇ ತಂದು, 45 ಕುದುರೆಗೆ ಅಂತ ಇದ್ದ ನಾಲ್ಕು ಗೇರಿನ ಬಾಕ್ಸಿಗೆ, ಹಳೇ ಬ್ರೇಕಿಗೆ ಕಟ್ಟುತ್ತಾರೆ. ಎಂಪಿಎಫ್‌ಐ ಆದರೆ ಇಸಿಎಂ (ಇಂಜಿನ್ನಿನ ಕಂಪ್ಯೂಟರ್), ಸೆನ್ಸರ್, ವೈರಿಂಗ್ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತೆ. ಟೇಪು ಸುತ್ತಿ ಜೋಡಿಸಿದ ವೈರು ಅಂಥ ಆಷಾಢದಲ್ಲಿ ಎಷ್ಟು ದಿನ ಬಾಳುತ್ತೆ? ತೋಟದ ಕೆಸರು ದಾರಿಯಲ್ಲಿ ಗಾಡಿ ಎಳೆಯೋದು ಫೋರ್ ವೀಲ್ ಮತ್ತು ಲೋ ಗೇರು. ಅಲ್ಲಿ 45 ಕುದುರೆ ಧಾರಾಳ ಸಾಕು.

ಹಾಗಂತ ಏನೂ ಮುಟ್ಟಬಾರದು ಅನ್ನೋ ಮಡಿವಂತಿಕೆ ನನಗಿಲ್ಲ. ನಮ್ಮ ಘಟ್ಟ, ನಮ್ಮ ಮಳೆ ಕೇಳುವ ಬದಲಾವಣೆ ಮಾಡಲೇಬೇಕು. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಬೇಸಿಗೆ ಮಧ್ಯಾಹ್ನ ಎರಡನೇ ಗೇರಿನಲ್ಲಿ ಹತ್ತುವಾಗ ಗಾಳಿ ಕಡಿಮೆ, ಬಿಸಿ ಜಾಸ್ತಿ. ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತೆ, ಅದಕ್ಕೇ ಒಂದು ಸಲ ಕುದಿ ಬಂದರೂ ಹೆಡ್ ಸೊಟ್ಟಗಾಗಬಹುದು. ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜಲ್ಲಿ ನೋಡಿ, 0.05 ಮಿ.ಮೀ. ಮೀರಿದ್ದರೆ ಮಷಿನ್ನಿನಲ್ಲಿ ಉಜ್ಜಿ ಸಮಮಾಡುವ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿ ಪ್ರಯೋಜನವಿಲ್ಲ. ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿ, ಕೂಲೆಂಟ್ ಹಾಕಿ, ಬಾವಿ ನೀರು ಬೇಡ. "ಬಿಸಿ ಆಗುತ್ತೆ" ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಚಾಳಿ ಬಿಡಿ, ಕೆಟ್ಟಿದ್ದರೆ ಹೊಸದು ಹಾಕಿ. ಪಾಯಿಂಟ್ ಇರುವ ಹಳೇ ಡಿಸ್ಟ್ರಿಬ್ಯೂಟರ್ ಆದರೆ ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಬದಲಾಯಿಸಿ. ಮಳೆಗಾಲದ ಬೆಳಗ್ಗೆ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂತು ಗಾಡಿ ಹಟ ಹಿಡಿಯೋದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಹೊಸ ಕ್ಯಾಪು, ಒಳ್ಳೇ ಪ್ಲಗ್ ವೈರು ಹಾಕಿದರೆ ಅರ್ಧ ತಲೆನೋವು ಕಡಿಮೆ.

ಇನ್ನೊಂದು ಈಗಿನ ಕಾಟ, ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲಿ ಆಮ್ಲಜನಕ ಇದೆ. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತೆ, ಕಾರ್ಬ್ಯುರೇಟರಿಗೆ ಅದು ಗೊತ್ತಾಗಲ್ಲ. ಮಿಶ್ರಣ ತೆಳುವಾಗಿ ಇಂಜಿನ್ ಬಿಸಿಯೇರುತ್ತೆ, ಏರಿನಲ್ಲಿ ಮುಗ್ಗರಿಸುತ್ತೆ. ಎಷ್ಟೋ ಜನ "ಇಂಜಿನ್ ಮುಗೀತು" ಅಂದುಕೊಳ್ಳೋದು ಈ ಕಾಯಿಲೆಯನ್ನೇ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತು, ಅಂದರೆ ಮೇನ್ ಜೆಟ್, ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡಿ ಸರಿಮಾಡಬೇಕು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು, ಕಾರ್ಬ್ಯುರೇಟರ್ ಸೀಲುಗಳನ್ನು ಎಥನಾಲ್ ತಡೆಯುವ ವಿಟಾನ್ ತರಹದ ರಬ್ಬರಿಗೆ ಬದಲಾಯಿಸಬೇಕು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ತಳದಲ್ಲಿ ನೀರು ಬೇರೆಯಾಗಿ ಕೂತು ಟ್ಯಾಂಕ್ ತುಕ್ಕು ಹಿಡಿಯುತ್ತೆ. ವಾರಕ್ಕೊಮ್ಮೆಯಾದರೂ ಓಡಿಸಿ.

ಕಾನೂನಿನ ವಿಷಯ ಬೇಗ ಹೇಳ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಇನ್ನು 2021ರಲ್ಲಿ ಕೇಂದ್ರ ತಂದ ವಿಂಟೇಜ್ ನಿಯಮ: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಮೊದಲ 800ಗಳಿಗೆ 2033ಕ್ಕೆ, ಮೊದಲ ಜಿಪ್ಸಿಗಳಿಗೆ 2035ಕ್ಕೆ 50 ತುಂಬುತ್ತೆ. ದೂರವೇನಿಲ್ಲ. ಇವತ್ತು ಇಂಜಿನ್ ಗುಜರಿಗೆ ಹಾಕಿದವರ ಗಾಡಿ ಆವತ್ತು ಆ ಸಾಲಿನಲ್ಲಿ ನಿಲ್ಲೋದು ಕಷ್ಟ. ಅದೇ ಬ್ಲಾಕ್, ಅದೇ ನಂಬರ್ ಇಟ್ಟುಕೊಂಡು ರೀಬೋರ್ ಮಾಡಿಸಿದ್ದು ನನ್ನ ಲೆಕ್ಕದಲ್ಲಿ ರಿಪೇರಿ, ಮಾರ್ಪಾಡಲ್ಲ.

ನಿಜವಾದ ಕಷ್ಟ ಬಿಡಿಭಾಗದ್ದು. 800ಕ್ಕೆ ಸಾಮಾನು ಇನ್ನೂ ಸಿಗುತ್ತೆ, ಎಫ್10ಎಗೆ ಹುಡುಕಬೇಕು. ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಜಿಲ್ಲೆ ನಮ್ಮದು, ಮಾಚೇನಹಳ್ಳಿಯಲ್ಲಿ ಇವತ್ತಿಗೂ ವಾಹನದ ಭಾಗಗಳು ಎರಕವಾಗ್ತಿವೆ. ಜಿಪ್ಸಿ ಇಟ್ಟುಕೊಂಡವರೆಲ್ಲ ಸೇರಿ ಒಟ್ಟಿಗೆ ಕೇಳಿದರೆ ಒಂದು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಒಂದು ವಾಟರ್ ಪಂಪ್ ಬಾಡಿ ಇಲ್ಲೇ ಮಾಡಿಸೋದು ಅಸಾಧ್ಯ ಅಂತ ನನಗನ್ನಿಸಲ್ಲ. ಈಗಾಗಲೇ ಇಂಜಿನ್ ಬದಲಾಯಿಸಿದ್ದೀರಾ? ಹಳೇದು ಶೆಡ್ಡಿನಲ್ಲಿದ್ದರೆ ದಯವಿಟ್ಟು ಮಾರಬೇಡಿ. ಪ್ಲಗ್ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು, ಬಾಯಿಗಳನ್ನೆಲ್ಲ ಮುಚ್ಚಿ, ನೆಲದಿಂದ ಎತ್ತರಿಸಿ ಹಲಗೆ ಮೇಲೆ ಇಡಿ. ಯಾರ ಹತ್ತಿರ ಎಫ್10ಎ ಹೆಡ್, ಕ್ರ್ಯಾಂಕ್, ಓವರ್‌ಸೈಜ್ ಪಿಸ್ಟನ್ ಇದೆ ಅಂತ ಕೆಳಗೆ ಬರೆಯಿರಿ, ನಾನೇ ಒಂದು ಪಟ್ಟಿ ಮಾಡ್ತೀನಿ.