ಒಂಬತ್ತು ಮಕ್ಕಳ ಮೇಡಂ

ಡಿಸೆಂಬರ್ ರಜೆಗೆ ಕಲಬುರಗಿಗೆ ಬಂದಾಗ, ಗೆಳತಿಯ ಒತ್ತಾಯಕ್ಕೆ ಶಿಕ್ಷಕರ ತರಬೇತಿಯೊಂದರಲ್ಲಿ ಮಾತಾಡಲು ಒಪ್ಪಿಕೊಂಡೆ. ನಾನು ಸೇಡಂನಲ್ಲಿ ಆರು ವರ್ಷ ಕನ್ನಡ ಶಾಲೆ ಟೀಚರ್ ಆಗಿದ್ದವಳು, ಈಗ ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಲ್ಲಿ ವಿಶೇಷ ಶಿಕ್ಷಕಿ. ಸ್ಲೈಡು ಮುಗಿದವು. ಹಿಂದಿನ ಸಾಲಲ್ಲಿ ಒಬ್ಬರು ಎದ್ದರು.

"ಮೇಡಂ, ನಿಮ್ಮ ಕ್ಲಾಸಿನ್ಯಾಗ ಎಷ್ಟು ಹುಡ್ರು ಅದಾರ್ರೀ?"

"ಒಂಬತ್ತು."

ಹಾಲ್ ಪೂರ್ತಿ ನಗು. ಊಟದ ಹೊತ್ತಿಗೆ ನಾನು 'ಒಂಬತ್ತು ಮಕ್ಕಳ ಮೇಡಂ' ಆಗಿದ್ದೆ.

ಚುರುಕ್ ಅಂತು. ಅಷ್ಟೊತ್ತು ನಾನು ಹೇಳಿದ್ದು ಬರೀ ಒಂದು ಕುರ್ಚಿಯ ಬಗ್ಗೆ, ಶಾಲೆಯಲ್ಲಿ ತಾಯಿಗೆ ಹಾಕುವ ಕುರ್ಚಿ. ಅಮೆರಿಕದಲ್ಲಿ ವಿಶೇಷ ಶಿಕ್ಷಣದ ಪ್ರತಿ ಮಗುವಿಗೂ ಐಇಪಿ ಅಂತ, ಅದಕ್ಕೆಂದೇ ಬರೆದ ಒಂದು ಕಲಿಕೆಯ ಯೋಜನೆ ಇರುತ್ತದೆ. 1975ರ ಕಾನೂನಿಂದ ಬಂದದ್ದು. ವರ್ಷಕ್ಕೆ ಒಮ್ಮೆಯಾದರೂ ಶಾಲೆಯವರು, ತಂದೆತಾಯಿ ಎಲ್ಲರೂ ಕೂತು ಅದನ್ನು ನೋಡಬೇಕು. ತಾಯಿಗೆ ಇಂಗ್ಲಿಷ್ ಬರದಿದ್ದರೆ ದುಭಾಷಿಯನ್ನು ಶಾಲೆಯೇ ಕರೆಸಬೇಕು. ಹೋದ ವರ್ಷ ಗುಜರಾತಿ ತಾಯಿಯೊಬ್ಬರು, "ಗದ್ದಲಕ್ಕೆ ಇವನು ಕಿವಿ ಮುಚ್ಚಿಕೊಳ್ತಾನೆ, ಬಾಗಿಲ ಹತ್ತಿರ ಕೂರಿಸಬೇಡಿ" ಅಂದರು. ಸೈಕಾಲಜಿಸ್ಟ್ ಬರೆದುಕೊಂಡರು. ಮರುದಿನ ಡೆಸ್ಕ್ ಕಿಟಕಿ ಪಕ್ಕ ಬಂತು.

ನಮ್ಮಲ್ಲಿ ತಾಯಿಯನ್ನು ಕರೆಸೋದು ಯಾವಾಗ? ಮಗ ಯಾರಿಗೋ ಹೊಡೆದಾಗ, ಇಲ್ಲಾ ಆಧಾರ್ ಜೆರಾಕ್ಸ್ ಬೇಕಾದಾಗ. ಆಕೆ ತಲೆ ಮೇಲೆ ಸೆರಗು ಎಳೆದುಕೊಂಡು ಬಾಗಿಲಲ್ಲೇ ನಿಲ್ಲುತ್ತಾಳೆ. "ಬಡೀರಿ ಸರ್, ನಿಮ್ಮ ಮಗ ಅಂತ ತಿಳ್ಕೋರಿ" ಅಂತ ಹೇಳಿ ಹೊಲಕ್ಕೆ ಓಡುತ್ತಾಳೆ. ಸೇಡಂನಲ್ಲಿ ನಾನೂ ಯಾರಿಗೂ ಕೂರಿ ಅಂದವಳಲ್ಲ. ಕಾನೂನು ನಮಗೂ ಇದೆ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೇಳುತ್ತದೆ, ಓದು ಬರಹದ ತೊಂದರೆಯೂ ಅದರಲ್ಲಿದೆ. ಆವತ್ತಿನ ತರಬೇತಿಯಲ್ಲಿ ಆ 21ನ್ನು ಬಾಯಿಪಾಠ ಮಾಡಿಸಿದರು. ಆಮೇಲೆ ಸಹಿ, ಸುಸಲಾ, ಟಿಎ ಬಿಲ್. ಒಂದು ಕುರ್ಚಿ ಹಾಕಲು ಬಜೆಟ್ ಬೇಕಾ?

ಊಟಕ್ಕೆ, ಪ್ರಶ್ನೆ ಕೇಳಿದ ಆ ಟೀಚರ್ ನನ್ನ ಪಕ್ಕವೇ ಬಂದು ಕೂತರು. ಚಿಂಚೋಳಿ ಕಡೆಯ ತಾಂಡಾ ಶಾಲೆ. ಒಂದರಿಂದ ಮೂರನೇ ತರಗತಿ ನಲಿ-ಕಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ. 34 ಮಕ್ಕಳು, ಇವರೊಬ್ಬರೇ. ಒಬ್ಬ ಹುಡುಗ ಜೂನಿಂದ ಬಾಯೇ ಬಿಟ್ಟಿರಲಿಲ್ಲವಂತೆ. ಮನೆಮಾತು ಲಂಬಾಣಿ, ಮೇಲಾಗಿ ಕಿವಿ ಸ್ವಲ್ಪ ಮಂದ. ಎಲ್ಲರೂ ಅಲ್ಲಿ ಮೊದಲು ಕಲಿಸುವ 'ರ ಗ ಸ ದ ಅ' ದಾಟಿದರೂ ಇವನು ಅಲ್ಲೇ. ಒಂದು ಸಂಜೆ ಇವರು ಅವನ ಮನೆಗೆ ಹೋಗಿ ಒಲೆ ಮುಂದೆ ಕೂತರು. ತಾಯಿ ರೊಟ್ಟಿ ಬಡಿದು ಮಗನಿಗೆ ಕೊಡುತ್ತಾ "ಬಾಟಿ" ಅಂದಳು. ಅವನೂ "ಬಾಟಿ" ಅಂದ. ಮರುದಿನ ಅವನೊಬ್ಬನಿಗೆ 'ಬ' ಮೊದಲ ಅಕ್ಷರವಾಯಿತು. ಮೆಟ್ಟಿಲು ತಪ್ಪಿಸಿದ್ದಕ್ಕೆ ಮೇಲಿನವರು ಬೈದರಂತೆ. ಹುಡುಗ ಮಾತ್ರ ಗೋಡೆ ತುಂಬ ಬ ಬರೆದಿದ್ದಾನೆ.

ಹನ್ನೊಂದು ವರ್ಷದಲ್ಲಿ ನನ್ನ ಮಕ್ಕಳಲ್ಲಿ ಒಬ್ಬರ ಮನೆಯನ್ನೂ ನಾನು ನೋಡಿಲ್ಲ. ಇಮೇಲ್ ಇದೆಯಲ್ವಾ, ಸಾಕು ಅಂತ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಎರಡನೇ ರೊಟ್ಟಿ ಮುಗಿಯಬೇಕಾಯಿತು.

ಆದರೂ ಸುಮ್ನೆ ಇರಲಾಗದೆ ಕೇಳಿದೆ. ಆ ತಾಯಿ ನಿಮ್ಮ ಶಾಲೆಗೆ ಬಂದರೆ ಎಲ್ಲಿ ಕೂರಿಸ್ತೀರಿ?

ಅವರು ಶೇಂಗಾ ಹಿಂಡಿಗೆ ಮೊಸರು ಕಲಸುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಬಾಗಿಲದಾಗ ನಿಂದರ್ತಾಳ್ರೀ."