ಅತ್ತೆಯವರ ಮರುಮೌಲ್ಯಮಾಪನ

ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ತಿದ್ದಿ ಮುಗಿಸಿದ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ಒಂದು ಚಟ ಅಂಟಿಕೊಂಡಿರುತ್ತದೆ. ಕಂಡದ್ದಕ್ಕೆಲ್ಲ ಅಂಕ ಹಾಕಬೇಕು ಎನಿಸುತ್ತದೆ. ಮದುವೆ ಮನೆಯ ಸಾರು ಬಾಯಿಗಿಟ್ಟರೆ ಹತ್ತಕ್ಕೆ ಆರು, ಬಸ್ಸಿನ ನಿರ್ವಾಹಕ ಚಿಲ್ಲರೆ ಕೊಟ್ಟರೆ ಎಂಟು, ಕೊಡದಿದ್ದರೆ ಅನುತ್ತೀರ್ಣ. ಈ ಮೇ ತಿಂಗಳಲ್ಲಿ ನನ್ನ ಕೆಂಪು ಪೆನ್ನು ಸಿನಿಮಾಗಳ ಕಡೆ ತಿರುಗಿತು. ದಾವಣಗೆರೆಯ ಬಿಸಿಲಿಗೆ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ಹೊಸ್ತಿಲು ದಾಟುವಂತಿರಲಿಲ್ಲ. ಮನೆಯಲ್ಲಿ ಇರುವುದು ನಾಲ್ವರು, ಒಂದು ಕೂಲರ್, ಒಂದು ಟಿ.ವಿ. ಕೂಲರ್ ಇರುವ ಕೋಣೆಯಲ್ಲೇ ಟಿ.ವಿ.ಯೂ ಇರುವುದರಿಂದ ಇಷ್ಟವಿದ್ದರೂ ಇಲ್ಲದಿದ್ದರೂ ಎಲ್ಲರೂ ಪ್ರೇಕ್ಷಕರೇ.

ನೋಡಿದ ಪ್ರತಿ ಸಿನಿಮಾಕ್ಕೂ ನೂರಕ್ಕೆ ಇಷ್ಟು ಎಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದು, ತಿಂಗಳ ಕೊನೆಗೆ ರ‍್ಯಾಂಕ್ ಪಟ್ಟಿ ಪ್ರಕಟಿಸುವುದಾಗಿ ನಾನು ಘೋಷಿಸಿದೆ. ನಮ್ಮವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಮಗಳು, "ಬರೆದುಕೋ ಅಮ್ಮ" ಎಂದು ಉದಾರವಾಗಿ ಅನುಮತಿ ಕೊಟ್ಟಳು. ಅತ್ತೆಯವರು ಮಾತ್ರ, "ಅಂಕ ಕಡಿಮೆ ಬಿದ್ದವರು ಮರುಮೌಲ್ಯಮಾಪನಕ್ಕೆ ಯಾರಿಗೆ ಅರ್ಜಿ ಹಾಕಬೇಕು?" ಎಂದು ಕೇಳಿದರು. ಅವರು ಚಿತ್ರದುರ್ಗದ ಹೆಣ್ಣುಮಗಳು. ಕೋಟೆಯ ಊರಿನವರು ಒಳಗೆ ಬರುವ ಮೊದಲೇ ಹೊರಗೆ ಹೋಗುವ ದಾರಿ ನೋಡಿಟ್ಟುಕೊಳ್ಳುತ್ತಾರೆ.

ಕೊನೆಯ ಸ್ಥಾನದ ಬಗ್ಗೆ ಯಾರಲ್ಲೂ ಭಿನ್ನಾಭಿಪ್ರಾಯ ಇರಲಿಲ್ಲ. ಅದು ನಾವು ದುಡ್ಡು ಕೊಟ್ಟು ಚಿತ್ರಮಂದಿರಕ್ಕೆ ಹೋಗಿ ನೋಡಿದ ಏಕೈಕ ಸಿನಿಮಾ. ಹೆಸರು ಬೇಡ, ಅವರೂ ಸಾಲ ಮಾಡಿ ತೆಗೆದಿರುತ್ತಾರೆ. ಇತ್ತೀಚಿನ ದೊಡ್ಡ ಸಿನಿಮಾಗಳಿಗೆ ಬೆಳಕಿನ ಮೇಲೆ ಏನು ಸಿಟ್ಟೋ ತಿಳಿಯದು. ಗಣಿಯಲ್ಲಿ ಕತ್ತಲೆ ಇರಲಿ, ಒಪ್ಪೋಣ. ಹಾಡುಹಗಲು ಸಂತೆಯಲ್ಲಿ ನಡೆಯುವ ಹೊಡೆದಾಟವೂ ಕತ್ತಲೆಯಲ್ಲೇ ಆದರೆ ಹೊಡೆದವರು ಯಾರು, ಹೊಡೆಸಿಕೊಂಡವರು ಯಾರು ಎಂದು ಗುರುತಿಸುವುದು ಹೇಗೆ? ಅತ್ತೆಯವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಒರೆಸಿ ಸುಸ್ತಾದರು. ನಾಯಕನ ಗಡ್ಡ, ಖಳನಾಯಕನ ಗಡ್ಡ, ಪೊಲೀಸ್ ಅಧಿಕಾರಿಯ ಗಡ್ಡ ಎಲ್ಲ ಒಂದೇ ಅಳತೆ. ಮೂರು ಗಂಟೆ ಕಾದ ಮೇಲೆ, ಇನ್ನೇನು ಕಥೆ ಶುರುವಾಯಿತು ಎನ್ನುವಾಗ ಪರದೆಯ ಮೇಲೆ ಮುಂದಿನ ಭಾಗದಲ್ಲಿ ನೋಡಿ ಎಂಬ ಸೂಚನೆ ಬಂತು. "ಅರ್ಧ ಸಿನಿಮಾ ತೋರಿಸಿದ್ದಾರೆ, ಅರ್ಧ ದುಡ್ಡು ವಾಪಸ್ ಕೊಡುತ್ತಾರೇನೋ ವಿಚಾರಿಸು" ಎಂದು ಅತ್ತೆಯವರು ಮಗನನ್ನು ಟಿಕೆಟ್ ಕಿಟಕಿಯ ಕಡೆ ತಳ್ಳುತ್ತಿದ್ದರು. ಆ ಸಂಜೆ ಕೈಗೆ ಹತ್ತಿದ್ದು ವಾಪಸ್ ಬರುವಾಗ ತಿಂದ ಮಂಡಕ್ಕಿ ಮೆಣಸಿನಕಾಯಿ ಒಂದೇ. ಸಿನಿಮಾಕ್ಕೆ ನಾನು ಕೊಟ್ಟ ಹದಿನೆಂಟು ಅಂಕಗಳಲ್ಲಿ ಹತ್ತು ಅದರದ್ದೇ.

'ಗಣೇಶನ ಮದುವೆ'ಗೆ ಅಂಕ ಹಾಕುವುದೇ ಕಷ್ಟವಾಯಿತು. ಫಣಿ ರಾಮಚಂದ್ರ 1990ರಲ್ಲಿ ತೆಗೆದ ಈ ಚಿತ್ರವನ್ನು ನಮ್ಮವರು ಬಾಯಿಪಾಠ ಮಾಡಿಕೊಂಡಿದ್ದಾರೆ. ಅನಂತನಾಗ್ ಬಾಯಿ ತೆರೆಯುವ ಒಂದು ಕ್ಷಣ ಮೊದಲೇ ಇವರು ಆ ಮಾತು ಹೇಳಿ ನಗುತ್ತಾರೆ. ಆ ನಗುವಿನಲ್ಲಿ ಅನಂತನಾಗ್ ಹೇಳಿದ್ದು ನಮಗೆ ಕೇಳಿಸುವುದಿಲ್ಲ. ಸಿನಿಮಾಕ್ಕೆ ಎಂಬತ್ತೆರಡು ಕೊಟ್ಟು, ನಕಲು ಮಾಡಿದ ಅಭ್ಯರ್ಥಿಯನ್ನು ಹೊರಗೆ ಕಳಿಸಬೇಕೆಂದು ಷರಾ ಬರೆದೆ.

'ತಿಥಿ'ಯನ್ನು ನಾನೊಬ್ಬಳೇ ರಾತ್ರಿ ನೋಡಿದೆ, ಹಾಗಾಗಿ ಅದರ ಅಂಕದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ನೂರಾ ಒಂದು ವರ್ಷದ ಅಜ್ಜ ಸೆಂಚುರಿ ಗೌಡ ಮೊದಲಿಗೇ ತೀರಿಕೊಂಡು, ಉಳಿದ ಮೂರು ತಲೆಮಾರು ಹನ್ನೊಂದನೆಯ ದಿನದ ಊಟದವರೆಗೆ ತಮ್ಮ ತಮ್ಮ ಕೆಲಸ ನೋಡಿಕೊಳ್ಳುವ ಕಥೆ. ಅಭಿನಯ ಗೊತ್ತಿಲ್ಲದ ಮಂಡ್ಯದ ಕಡೆಯ ಹಳ್ಳಿಯವರನ್ನೇ ನಿಲ್ಲಿಸಿ ತೆಗೆದದ್ದರಿಂದ ಯಾರೂ ಅಭಿನಯಿಸುವ ತಂಟೆಗೆ ಹೋಗಿಲ್ಲ. ಎಂಬತ್ತೊಂಬತ್ತು. ನಿಜ ಹೇಳಬೇಕೆಂದರೆ ಇಡೀ ತಿಂಗಳಲ್ಲಿ ಸಿನಿಮಾಕ್ಕೆಂದೇ ನಾನು ಕೊಟ್ಟ ಅಂಕ ಇದೊಂದೇ. ಉಳಿದವುಗಳಲ್ಲಿ ಸಿನಿಮಾದ್ದೆಷ್ಟು, ಆ ಮಧ್ಯಾಹ್ನದ್ದೆಷ್ಟು ಎಂದು ಬಿಡಿಸಿ ಹೇಳುವುದು ನನ್ನಿಂದಾಗದು.

'ಲೂಸಿಯಾ' ಉದಾಹರಣೆಗೆ. ಪವನ್ ಕುಮಾರ್ ಜನರಿಂದಲೇ ಹಣ ಸೇರಿಸಿ 2013ರಲ್ಲಿ ತೆರೆಗೆ ತಂದ ಚಿತ್ರ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನಿಗೆ ನಿದ್ದೆ ಬರುವುದಿಲ್ಲ, ಅದಕ್ಕೊಂದು ಮಾತ್ರೆ, ಮಾತ್ರೆಯ ಹಿಂದೆ ಒಂದು ಕನಸು. ನಿದ್ದೆ ಬಾರದವನ ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಮನೆಯಲ್ಲಿ ಇಬ್ಬರ ಗೊರಕೆ ಕೇಳಿಸತೊಡಗಿತು. ಕಪ್ಪು ಬಿಳುಪಿನ ಭಾಗ ಬಂದಾಗ ಅತ್ತೆಯವರಿಗೆ ತಟ್ಟನೆ ಎಚ್ಚರವಾಯಿತು. ಟಿ.ವಿ. ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಹಳೆಯ ಸಿನಿಮಾ ಹಾಕಿದ್ದೀಯಾ? ಒಳ್ಳೆಯದಾಯಿತು. ಇದರಲ್ಲಿ ಬಾಲಕೃಷ್ಣ ಇದ್ದಾನೇನು?" ಎಂದರು. ಬರುತ್ತಾರೆ, ಕಾಯಿರಿ ಎಂದೆ. ಕಾಯುತ್ತಾ ಮತ್ತೆ ಮಲಗಿದರು. ಯಾವುದು ಕನಸು ಯಾವುದು ನನಸು ಎಂಬ ಗೊಂದಲವನ್ನು ಆ ಮಧ್ಯಾಹ್ನ ಅವರಷ್ಟು ಪ್ರಾಮಾಣಿಕವಾಗಿ ಅನುಭವಿಸಿದವರು ಇಲ್ಲ.

'ಭೂತಯ್ಯನ ಮಗ ಅಯ್ಯು' ನೋಡಿದ್ದಕ್ಕೆ ದಂಡ ಕಟ್ಟಬೇಕಾಯಿತು. ಅದರಲ್ಲಿ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯವನ್ನು ನೋಡಿ ಬಾಯಲ್ಲಿ ನೀರೂರದವರು ಕರ್ನಾಟಕದಲ್ಲಿ ಇರಲಾರರು. ಅಡುಗೆಮನೆಯ ಅಟ್ಟದ ಮೇಲೆ ಆಗಷ್ಟೇ ಬೆರೆಸಿಟ್ಟ ಹೊಸ ಮಾವಿನಕಾಯಿಯ ಜಾಡಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿತ್ತು. ಉಪ್ಪು ಖಾರ ಹಿಡಿಯುವ ತನಕ ಯಾರೂ ಮುಟ್ಟಬಾರದು ಎಂಬುದು ಅತ್ತೆಯವರ ಆಜ್ಞೆ. ಕೆಲವು ದಿನಗಳ ನಂತರ ಬಟ್ಟೆ ಬಿಚ್ಚಿದರೆ ಮೇಲಿನ ಎಣ್ಣೆಯ ಒಂದು ಮೂಲೆಯಲ್ಲಿ ಬೂಸು ಬಂದಿತ್ತು. ಯಾರೋ ಒದ್ದೆ ಚಮಚ ಹಾಕಿದ್ದಾರೆ. ವಿಚಾರಣೆ ನಡೆಯಿತು. ನಮ್ಮವರು ಮಗಳ ಕಡೆ ನೋಡಿದರು, ಮಗಳು ಲೋಕನಾಥ್ ಹೆಸರು ಹೇಳಿದಳು. ಕೊನೆಗೆ ಪ್ರಚೋದನೆ ನೀಡಿದ ಕಾರಣಕ್ಕೆ ಸಿನಿಮಾದ ಐದು ಅಂಕ ಕಡಿತವಾಯಿತು. ಚಮಚ ಹಾಕಿದವರು ಇಂದಿಗೂ ಪತ್ತೆಯಾಗಿಲ್ಲ. ಆದರೆ ಬಟ್ಟೆಯ ಗಂಟು ಗಂಡಸರು ಹಾಕುವ ರೀತಿಯಲ್ಲಿತ್ತು ಎಂಬುದನ್ನು ನಾನು ಗಮನಿಸಿದ್ದೇನೆ.

ಇನ್ನು 'ಮುಂಗಾರು ಮಳೆ'. ಹೊರಗೆ ಕಾದ ಕಾವಲಿಯಂಥ ತಾರಸಿ, ಒಳಗೆ ಪರದೆಯ ತುಂಬ ಮಳೆ. ಯೋಗರಾಜ್ ಭಟ್ಟರು 2006ರಲ್ಲಿ ಸುರಿಸಿದ ಆ ಮಳೆಯನ್ನು ಬೇಸಿಗೆಯ ದಾವಣಗೆರೆಯಲ್ಲಿ ಕೂತು ನೋಡುವುದು ಒಂದು ಬಗೆಯ ಚಿಕಿತ್ಸೆ ಎಂದುಕೊಂಡು ನಾನೇ ಹಾಕಿದ್ದೆ. ಅದೇ ದಿನ ಬೆಳಿಗ್ಗೆ ಅತ್ತೆಯವರು ಅಕ್ಕಿ ಹಿಟ್ಟನ್ನು ಕಾಯಿಸಿ, ಜೀರಿಗೆ ಹಾಕಿ, ತಾರಸಿಯ ಮೇಲೆ ಹಳೆಯ ಸೀರೆ ಹಾಸಿ, ಸೊಂಟ ಹಿಡಿದುಕೊಂಡು ಸಾಲು ಸಾಲಾಗಿ ಸಂಡಿಗೆ ಇಟ್ಟು ಬಂದಿದ್ದರು. ಸಿನಿಮಾ ಅರ್ಧ ದಾಟುವ ಹೊತ್ತಿಗೆ ಮಳೆಯ ಸದ್ದು ಜೋರಾಯಿತು. "ಶಬ್ದ ಎಷ್ಟು ನೈಜವಾಗಿ ಹಿಡಿದಿದ್ದಾರೆ ನೋಡು" ಎಂದು ನಮ್ಮವರು ಮೆಚ್ಚಿಕೊಂಡರು. ಗುಡುಗಿತು. "ಮಳೆಗಾಲದ ಗುಡುಗು ಹೀಗಿರುವುದಿಲ್ಲ, ಇದು ಮೇ ತಿಂಗಳ ಗುಡುಗಿನ ಹಾಗಿದೆ" ಎಂದು ಅತ್ತೆಯವರು ತಪ್ಪು ಹಿಡಿದರು. ಮಣ್ಣಿನ ವಾಸನೆ ಕೂಡ ಬಂತು. ಆಗಲೂ ಯಾರೂ ಏಳಲಿಲ್ಲ. ಕರೆಂಟ್ ಹೋಗಿ ಟಿ.ವಿ. ಆರಿದ ಮೇಲೂ ಮಳೆ ಮಾತ್ರ ನಿಲ್ಲದಿದ್ದಾಗ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ತಾರಸಿಗೆ ಓಡಿದರೆ ಸಂಡಿಗೆ ಇರಲಿಲ್ಲ, ಗಂಜಿ ಇತ್ತು. ಸೀರೆಯ ನೇರಳೆ ಬಣ್ಣ ಬಿಟ್ಟುಕೊಂಡು, ಅಂಚಿನ ಮಾವಿನಕಾಯಿ ಚಿತ್ತಾರ ಆ ಗಂಜಿಯ ಮೇಲೆ ಅಚ್ಚುಕಟ್ಟಾಗಿ ಮೂಡಿತ್ತು. ಜೀರಿಗೆ ಕಾಳುಗಳು ಒಂದರ ಹಿಂದೆ ಒಂದು ತೇಲಿಕೊಂಡು ನೀರು ಹೋಗುವ ಕೊಳವೆಯ ಕಡೆ ಹೊರಟಿದ್ದವು. ಪಕ್ಕದ ಮನೆಯವರು ತಮ್ಮ ಹಪ್ಪಳವನ್ನು ಯಾವಾಗಲೋ ಒಳಗೆ ಸಾಗಿಸಿ, ಕೊಡೆ ಹಿಡಿದು ನಿಂತು ನಮ್ಮನ್ನು ನೋಡುತ್ತಿದ್ದರು. ಕರೆಂಟ್ ಬಂದ ಮೇಲೆ ಉಳಿದ ಭಾಗ ನೋಡಿದೆವು. ಪ್ರೇಮಿಗಳು ದೂರವಾದದ್ದಕ್ಕೆ ನಾನು ಕಣ್ಣೊರೆಸಿಕೊಂಡೆ, ದೇವದಾಸ ಎಂಬ ಮೊಲ ಸತ್ತದ್ದಕ್ಕೆ ಮಗಳು ಬಿಕ್ಕಿದಳು, ಸಂಡಿಗೆಗೆ ಅತ್ತೆಯವರು ನಿಟ್ಟುಸಿರು ಬಿಟ್ಟರು. ಅತ್ತ ಕಾರಣ ಬೇರೆಯಾದರೂ ಎಲ್ಲರನ್ನೂ ಒಟ್ಟಿಗೆ ಅಳಿಸಿದ ಸಿನಿಮಾ ಎಂದು ತೊಂಬತ್ತು ಬರೆದೆ. ಅತ್ತೆಯವರು ಅದರ ಪಕ್ಕದಲ್ಲಿ ತಮ್ಮ ಕೈಯಾರೆ, "ಎರಡು ಸೇರು ಅಕ್ಕಿ ಬಾಕಿ" ಎಂದು ಸೇರಿಸಿದರು.

ಇಷ್ಟರವರೆಗೆ ಮನೆಯಲ್ಲಿ ಶಾಂತಿ ಇತ್ತು. ಕೆಡಿಸಿದ್ದು 'ನಾಗರಹಾವು'.

ದುರ್ಗದವರ ಜೊತೆ ಕೂತು ಈ ಸಿನಿಮಾ ನೋಡಿದವರಿಗೆ ಮಾತ್ರ ಅದರ ನಿಜವಾದ ಉದ್ದ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರದುರ್ಗದ ಬಂಡೆಗಳ ನಡುವೆ ಕ್ಯಾಮೆರಾ ಇಟ್ಟರು, ಅಲ್ಲಿಂದ ವಿಷ್ಣುವರ್ಧನ್ ನಾಯಕನಾಗಿ ಎದ್ದು ಬಂದರು, ಅಂಬರೀಷ್ ಜಲೀಲನಾಗಿ ಕಾಲಿಟ್ಟರು, ಎಲ್ಲ ಸರಿ. ಆದರೆ ಅತ್ತೆಯವರಿಗೆ ಅದು ಸಿನಿಮಾವೇ ಅಲ್ಲ, ತವರುಮನೆಯ ಆಲ್ಬಮ್. ಪ್ರತಿ ಬಂಡೆಗೂ ಚಿತ್ರ ನಿಲ್ಲಿಸಬೇಕು. ಈ ಬಂಡೆಯ ಹಿಂದೆ ನಾವು ಸೀತಾಫಲ ಕದಿಯುತ್ತಿದ್ದೆವು, ಆ ಮೆಟ್ಟಿಲಿನಲ್ಲಿ ನಮ್ಮ ಚಿಕ್ಕಮ್ಮನ ಕಾಲು ಉಳುಕಿತು. ರಾಮಾಚಾರಿಗೆ ಸಿಟ್ಟು ಬಂದು ಕೈ ಎತ್ತಿದ್ದಾನೆ, ಎತ್ತಿದ ಕೈ ಹಾಗೇ ನಿಂತಿದೆ, ಇಲ್ಲಿ ಚಿಕ್ಕಮ್ಮನ ಕಾಲಿಗೆ ಎಣ್ಣೆ ಹಚ್ಚುವುದು ನಡೆದಿದೆ. ಅವರ ಅಣ್ಣ, ಅಂದರೆ ನಮ್ಮವರ ಸೋದರಮಾವ, ಚಿತ್ರೀಕರಣದ ಗುಂಪಿನಲ್ಲಿ ನಿಂತಿದ್ದರಂತೆ. ಬೆಟ್ಟದ ಒಂದು ದೃಶ್ಯದಲ್ಲಿ ದೂರದಲ್ಲಿ ಬಿಳಿ ಚುಕ್ಕೆಯೊಂದು ಕಾಣುತ್ತದೆ. ಅದು ಅಣ್ಣನ ಅಂಗಿ ಎಂದು ಅತ್ತೆಯವರು, ಮೇಕೆ ಎಂದು ಮಗಳು. ದೊಡ್ಡದು ಮಾಡಿ ನೋಡಿದೆವು. ಚುಕ್ಕೆ ದೊಡ್ಡದಾಯಿತು, ಅಷ್ಟೆ.

ನಿಧಾನ ಚಲನೆಯಲ್ಲಿ ಚಿತ್ರಿಸಿದ ಆ ಪ್ರಸಿದ್ಧ ಹಾಡು ಬಂದಾಗ ಮಗಳು, "ನೆಟ್ ನಿಧಾನವಾಗಿದೆ" ಎಂದು ಎದ್ದು ಹೋಗಿ ರೌಟರ್ ಆರಿಸಿ ಮತ್ತೆ ಹಾಕಿದಳು. ಅದು ಚಾಲೂ ಆಗುವವರೆಗೆ ಅಜ್ಜಿ ಮೊಮ್ಮಗಳ ನಡುವೆ ಮಾತಿಲ್ಲ. ಓಬವ್ವನಾಗಿ ಜಯಂತಿ ಬಂದು, ಕಹಳೆಯವನು ಊಟಕ್ಕೆ ಕೂತು, ಅವನಿಗೆ ನೀರು ತರಲು ಅವಳು ಹೊರಟಿದ್ದಾಳೆ. ಸರಿಯಾಗಿ ಅದೇ ಹೊತ್ತಿಗೆ ಸೋಫಾದ ಮೂಲೆಯಿಂದ ನಮ್ಮವರು, "ಒಂದು ಲೋಟ ನೀರು ಕೊಡೇ" ಎಂದರು. ಅತ್ತೆಯವರು ತಿರುಗಿಯೂ ನೋಡದೆ, "ಅವಳೂ ನೀರಿಗೆಂದೇ ಹೋದವಳು. ಒನಕೆ ಎಲ್ಲಿದೆ ಎಂದು ನೋಡಿಕೊಂಡು ಕೇಳು" ಎಂದರು. ಇಡೀ ತಿಂಗಳಲ್ಲಿ ನಮ್ಮ ಮನೆಯಲ್ಲಿ ಕೇಳಿಬಂದ ಅತ್ಯುತ್ತಮ ಸಂಭಾಷಣೆ ಅದು. ನಮ್ಮವರೇ ಎದ್ದು ಹೋಗಿ ನೀರು ಕುಡಿದರು.

ನಾನು ಎಂಬತ್ತೆಂಟು ಬರೆದೆ. 'ತಿಥಿ'ಗಿಂತ ಒಂದು ಕಡಿಮೆ.

"ಎಲ್ಲಿ ಕಳೆದೆ?" ಎಂದು ಅತ್ತೆಯವರು ಕೇಳಿದರು. ಚಾಮಯ್ಯ ಮೇಷ್ಟ್ರಲ್ಲಿ ಎಂದೆ. ನಾನು ಪಾಠ ಹೇಳುವವಳು. ನನ್ನ ತರಗತಿಯ ಹುಡುಗರು ಕೂತುಕೊಳ್ಳಿ ಎಂದರೆ ಕೂರುವುದಿಲ್ಲ. ಇಲ್ಲಿ ಒಬ್ಬ ಮೇಷ್ಟ್ರು ಪ್ರೀತಿಸಿದವಳನ್ನು ಬಿಡು ಎಂದರೆ ಹುಡುಗ ಬಿಟ್ಟೇ ಬಿಡುತ್ತಾನೆ. ಸಿಕ್ಕ ಒಬ್ಬನೇ ವಿಧೇಯ ಶಿಷ್ಯನಿಗೆ ಕೊಡುವ ಸಲಹೆಯೇ ಅದು? ಅಲಮೇಲುವಿನ ಬಾಳು ಹಾಳಾಯಿತು, ಇವನದ್ದೂ ಹಾಳಾಯಿತು. ಅಶ್ವಥ್ ಅಷ್ಟು ಒಳ್ಳೆಯ ಮುಖ ಮಾಡಿಕೊಂಡು ಹೇಳಿದ್ದರಿಂದ ಐವತ್ತು ವರ್ಷ ನಾವೆಲ್ಲ ಮೇಷ್ಟ್ರನ್ನು ದೇವರು ಎಂದೆವು. ಪುಟ್ಟಣ್ಣ ಹಾಗೆಂದಿರಲಿಲ್ಲ. ಆ ಸಲಹೆಯ ಫಲವನ್ನು ಮೇಷ್ಟ್ರ ಕಣ್ಣೆದುರಿಗೇ ತಂದು ನಿಲ್ಲಿಸಿದ್ದಾರೆ. ನಾನು ಅಂಕ ಕಳೆದದ್ದು ಮೇಷ್ಟ್ರಿಗೆ, ನಿರ್ದೇಶಕರಿಗಲ್ಲ ಎಂದು ವಾದಿಸಿದೆ.

"ಅಶ್ವಥ್ ಮುಖ ನೋಡಿದ ಮೇಲೂ ಅಂಕ ಕಳೆಯಲು ನಿನಗೆ ಕೈ ಹೇಗೆ ಬಂತಮ್ಮ?" ಎಂದರು ಅತ್ತೆಯವರು.

ಆಗ ನಾನು ದೊಡ್ಡ ಅಸ್ತ್ರ ತೆಗೆದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಈ ಸಿನಿಮಾ ಸ್ವತಃ ತ.ರಾ.ಸು. ಅವರಿಗೇ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಬೇಸರಪಟ್ಟರೆಂಬ ಮಾತು ಎಲ್ಲರೂ ಬಲ್ಲದ್ದೇ. ಬರೆದವರೇ ಒಪ್ಪದಿದ್ದ ಮೇಲೆ ಎಂಬತ್ತೆಂಟು ಧಾರಾಳವಾಯಿತು ಎಂದೆ. ಅತ್ತೆಯವರು ಒಂದು ಕ್ಷಣವೂ ತಡೆಯಲಿಲ್ಲ. "ತ.ರಾ.ಸು. ಹುಟ್ಟಿದ್ದು ಎಲ್ಲಿ? ಮಲೇಬೆನ್ನೂರಿನಲ್ಲಿ. ಅದು ನಿಮ್ಮ ದಾವಣಗೆರೆ ಜಿಲ್ಲೆ. ನಿಮ್ಮ ಕಡೆಯವರಿಗೆ ದುರ್ಗದ ಒಳ್ಳೆಯದು ಯಾವಾಗ ಕಣ್ಣಿಗೆ ಕಂಡಿತ್ತು?" ಹಾಗಾದರೆ ಅವರ ದುರ್ಗದ ಕಾದಂಬರಿಗಳೆಲ್ಲ ನಮ್ಮವೇ ಆದವಲ್ಲ ಎಂದೆ. "ಅದು ಹೇಗಾಗುತ್ತದೆ? ದಾವಣಗೆರೆ ಜಿಲ್ಲೆ ಆದದ್ದೇ 1997ರಲ್ಲಿ. ಅಲ್ಲಿಯವರೆಗೆ ನೀವೂ ನಮ್ಮ ಜಿಲ್ಲೆಯವರೇ!" ಹೀಗೆ ಮಲೇಬೆನ್ನೂರು ಆ ಸಂಜೆ ನಮ್ಮ ಪಡಸಾಲೆಯಲ್ಲಿ ಬೈಯುವಾಗ ದಾವಣಗೆರೆಗೆ, ಹೊಗಳುವಾಗ ಚಿತ್ರದುರ್ಗಕ್ಕೆ ಸೇರುತ್ತಾ ಓಡಾಡಿತು.

ಮರುಮೌಲ್ಯಮಾಪನಕ್ಕೆ ಹೊರಗಿನ ಪರೀಕ್ಷಕರು ಬೇಕೆಂದು ಅತ್ತೆಯವರು ಪಟ್ಟು ಹಿಡಿದರು. ದುರ್ಗದಲ್ಲಿರುವ ಅಣ್ಣನಿಗೇ ಫೋನ್ ಮಾಡಿಸಿ, ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿಸಿದರು. ಚಿತ್ರೀಕರಣ ಕಣ್ಣಾರೆ ಕಂಡವರು, ಬಿಳಿ ಚುಕ್ಕೆಯ ಮಾಲೀಕರು, ಇನ್ನೇನು ಬೇಕು? ನಮ್ಮವರು ಟಿ.ವಿ. ಸದ್ದು ತಗ್ಗಿಸಿದರು. ನಾನು ಕೆಂಪು ಪೆನ್ನು ಮೇಜಿನ ಮೇಲಿಟ್ಟು ಸೋಲಿಗೆ ಸಿದ್ಧಳಾದೆ.

"ಅಣ್ಣಾ, ಕನ್ನಡದಲ್ಲಿ ಮೊದಲನೇ ಸ್ಥಾನ ಯಾವ ಸಿನಿಮಾಕ್ಕೆ? ನೀನೇ ಹೇಳು."

"ಅದರಲ್ಲಿ ಕೇಳುವುದೇನಿದೆಯಮ್ಮ? 'ಬಂಗಾರದ ಮನುಷ್ಯ'. ರಾಜಣ್ಣನ ಮುಂದೆ ಉಳಿದವರೆಲ್ಲ ಆಮೇಲೆ."

ಕೂಲರ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅತ್ತೆಯವರು ಫೋನನ್ನು ಬಾಯಿಯ ಹತ್ತಿರ ತಂದು, "'ನಾಗರಹಾವು' ಅಣ್ಣಾ, ನೀನು ನಿಂತಿದ್ದೆಯಲ್ಲ!" ಎಂದು ನೆನಪಿಸಿದರು.

"ನಿಂತಿದ್ದೆ, ನಿಂತಿದ್ದೆ. ಬಿಸಿಲಿನಲ್ಲಿ ದಿನವಿಡೀ ನಿಲ್ಲಿಸಿದರು. ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದುಬಿಟ್ಟೆ. ಆ ಮೇಲೆ ತೆಗೆದರಂತೆ."

ಅತ್ತೆಯವರು ಫೋನ್ ಇಟ್ಟು, ನನ್ನ ಹಾಜರಿ ಪುಸ್ತಕವನ್ನು ಎಳೆದುಕೊಂಡು, ಎಂಬತ್ತೆಂಟರ ಮೇಲೆ ಗೀಟು ಹಾಕಿ ತೊಂಬತ್ತೆಂಟು ಮಾಡಿದರು. "ಅಣ್ಣನಿಗೆ ಈಗೀಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ" ಎಂದರು.