ಕುಳಿತು ಕೇಳಬೇಕಾದ ವ್ಯಾಯಾಮ

ವೈದ್ಯ ವಿದ್ಯಾರ್ಥಿಗಳ ಸಮ್ಮೇಳನದ ವೇಳಾಪಟ್ಟಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಭಾಷಣಕಾರರ ಹೆಸರನ್ನಲ್ಲ, ಬೆಳಗಿನ ಮೊದಲ ಗೋಷ್ಠಿ ಎಷ್ಟು ಗಂಟೆಗೆ ಎಂಬುದನ್ನು. ಈ ಸಲ ಏಳಕ್ಕೇ ಇಟ್ಟುಬಿಟ್ಟಿದ್ದಾರೆ. ವಿಷಯ, ದೈಹಿಕ ಚಟುವಟಿಕೆ ಮತ್ತು ಹೃದಯದ ಆರೋಗ್ಯ. ಓಡುವವರು ಓಡುವ, ಸೈಕಲ್ ತುಳಿಯುವವರು ತುಳಿಯುವ ಹೊತ್ತನ್ನೇ ಆರಿಸಿ, ಅಷ್ಟೂ ಜನರನ್ನು ಕುರ್ಚಿಯಲ್ಲಿ ಕೂರಿಸಿ, 'ಕುಳಿತಿರಬೇಡಿ' ಎಂದು ಒಂದೂವರೆ ಗಂಟೆ ಬುದ್ಧಿ ಹೇಳುವ ಏರ್ಪಾಡು. ಸಭಾಂಗಣದ ಹಿಂದೆಯೇ ಗುಡ್ಡ, ಕಿಟಕಿಯಿಂದ ನೋಡಿದರೆ ಗುಡ್ಡದ ಕಾಲುದಾರಿ. ಸ್ಲೈಡುಗಳು ಚೆನ್ನಾಗಿ ಕಾಣಲೆಂದು ಯಾರೋ ಪುಣ್ಯಾತ್ಮರು ಎದ್ದು ಹೋಗಿ ಆ ಕಿಟಕಿಯ ಪರದೆಯನ್ನೂ ಎಳೆದರು.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ತೀವ್ರತೆಯ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಮಾತು ಆರಂಭದಲ್ಲೇ ಬಂತು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಸಮ್ಮೇಳನದ ಒಂದೇ ದಿನ ನಾವು ಕೂರುವ ಹೊತ್ತು ಅದನ್ನು ಸಲೀಸಾಗಿ ದಾಟುತ್ತದೆ.

ಇಂಥ ಉಪನ್ಯಾಸಕ್ಕೆ ಲಂಡನ್ನಿನ ಬಸ್ಸು ಬಾರದೆ ಇರುವುದಿಲ್ಲ. ಬಂತು. ಬ್ರಿಟನ್ನಿನ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ: ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಕೂತೇ ಇರುವ ಚಾಲಕರಿಗಿಂತ, ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆ. ಭಾಷಣಕಾರರು ಅಷ್ಟು ಹೇಳಿ ಮುಂದಿನ ಸ್ಲೈಡಿಗೆ ಹೋದರು. ಎಲ್ಲರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ನನಗೆ ರೇಗುವುದು ಅಲ್ಲೇ, ಏಕೆಂದರೆ ಸ್ವಾರಸ್ಯವೆಲ್ಲ ಇರುವುದು ಪ್ಯಾಂಟಿನಲ್ಲಿ.

ಬಸ್ ಸಂಸ್ಥೆ ನೌಕರರಿಗೆ ಸಮವಸ್ತ್ರ ಕೊಡುತ್ತಿತ್ತು, ಅಳತೆಗಳು ದಾಖಲೆಯಲ್ಲಿದ್ದವು. ಮಾರಿಸರ ತಂಡ ಆ ಅಳತೆಗಳನ್ನು ತೆಗೆಸಿ ನೋಡಿ 1956ರಲ್ಲಿ ಮತ್ತೊಂದು ಲೇಖನ ಬರೆಯಿತು. ಚಾಲಕರ ಸೊಂಟ ನಿರ್ವಾಹಕರದ್ದಕ್ಕಿಂತ ಅಗಲ, ಅದೂ ಎಳೆಯ ವಯಸ್ಸಿನವರಲ್ಲೂ! ಹಾಗಾದರೆ ಸೀಟು ಅವರನ್ನು ದಪ್ಪಗೆ ಮಾಡಿತೋ, ದಪ್ಪಗಿದ್ದವರೇ ಸೀಟನ್ನು ಆರಿಸಿಕೊಂಡರೋ? ಇಡೀ ಸಿದ್ಧಾಂತವನ್ನು ಒಂದು ಸೊಂಟಪಟ್ಟಿ ಅಲ್ಲಾಡಿಸಿತು. ಸಪೂರದವರು, ಮಧ್ಯಮದವರು, ಸ್ಥೂಲದವರು ಎಂದು ಬೇರೆ ಬೇರೆಯಾಗಿ ನೋಡಿದರೂ ನಿರ್ವಾಹಕರಿಗೇ ಅಪಾಯ ಕಡಿಮೆ ಎಂದು ತೋರಿಸಿ ಅದನ್ನು ಮತ್ತೆ ನಿಲ್ಲಿಸಬೇಕಾಯಿತು. ನನಗೆ ಆ ಕಾಲದ ದರ್ಜಿಯೇ ಕಣ್ಣಿಗೆ ಕಟ್ಟುತ್ತಾನೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಚಾಲಕನ ಹೊಟ್ಟೆಯ ಸುತ್ತ ಟೇಪು ಎಳೆದು, 'ಉಸಿರು ಬಿಡಿ ಸ್ವಾಮಿ, ಬಿಗಿಹಿಡಿದರೆ ಪ್ಯಾಂಟು ಸುಳ್ಳು ಹೇಳುತ್ತದೆ' ಎಂದು ಗದರಿ, ಅಂಕಿಯನ್ನು ಪುಸ್ತಕದಲ್ಲಿ ಗೀಚುವವನು. ಅವನ ಅಂಕಿ ಲ್ಯಾನ್ಸೆಟ್‌ಗೆ ಹೋಯಿತು. ನಾನು ಪ್ರಬಂಧ ಸಾರಾಂಶವನ್ನು ಪದಮಿತಿಗೆ ತರಲು ನಿದ್ದೆಗೆಟ್ಟೆ, ಅದು ಹೋದದ್ದು ಊಟದ ಕೋಣೆಯ ಹಿಂಬದಿಯ ಪೋಸ್ಟರ್ ಗೋಡೆಗೆ. ಮಾರಿಸ್ ಅವರೇ 99 ವರ್ಷ ಬದುಕಿದರು ಎಂಬುದನ್ನು ಯಾರೂ ಸ್ಲೈಡಿನಲ್ಲಿ ಹಾಕುವುದಿಲ್ಲ. ಒಬ್ಬನ ಆಯುಸ್ಸು ಪುರಾವೆ ಆಗುವುದಿಲ್ಲವಂತೆ. ಸರಿಯೇ. ಆದರೂ ಹಾಕಬಹುದಿತ್ತು.

ಸೈಕಲ್ ವಿಷಯಕ್ಕೆ ಬರೋಣ. ಬೆಟ್ಟದ ಸೈಕಲ್ಲನ್ನು ಸಮ್ಮೇಳನಕ್ಕೆ ಒಯ್ಯುವುದೆಂದರೆ ಮೊದಲು ಅದನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಬೇಕು. ಎಡ ಪೆಡಲು ಲೋಕರೂಢಿಗೆ ವಿರುದ್ಧ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೇ ಸಡಿಲವಾಗುತ್ತದೆ. ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸದಿದ್ದರೆ, ದಾರಿಯಲ್ಲಿ ಯಾವುದಾದರೂ ಬ್ಯಾಗು ಬ್ರೇಕಿನ ಹಿಡಿಯನ್ನು ಒತ್ತಿ, ಎರಡೂ ಪ್ಯಾಡುಗಳು ತುಟಿ ಬಿಗಿದುಕೊಂಡು ಕೂತು, ಅಲ್ಲಿ ಚಕ್ರವನ್ನು ಒಳಕ್ಕೆ ಬಿಡುವುದಿಲ್ಲ. ಇದೆಲ್ಲ ಮುಗಿದಾಗ ಗ್ರೀಸ್ ಉಗುರ ಸಂದಿ ಸೇರಿರುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ಟ್ಯಾಮಲ್ಪೈಸ್ ಸೀಮೆಯಲ್ಲಿ ಹಳೆಯ ಸೈಕಲ್ ಹತ್ತಿ ಪಂದ್ಯ ಕಟ್ಟಿ ಇಳಿದವರಿಗೆ, ಕೆಳಗೆ ತಲುಪುವಷ್ಟರಲ್ಲಿ ಹಿಂಚಕ್ರದ ಬ್ರೇಕಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿರುತ್ತಿತ್ತಂತೆ. ಪುಣ್ಯವಂತರು. ನನ್ನದು ಸುಡುವುದೂ ಇಲ್ಲ, ಹೋಗುವುದೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಮೊಣಕೈವರೆಗೆ ಉಜ್ಜಿ ತೊಳೆಯುವ ವಿಧಿಯನ್ನು ನಮಗೆ ಕಲಿಸಿದ್ದಾರೆ. ಅದಕ್ಕೆ ರೋಗಾಣು ಮಣಿಯಬಹುದು, ಚೈನಿನ ಗ್ರೀಸ್ ಮಣಿಯುವುದಿಲ್ಲ. ಪೋಸ್ಟರ್ ಮುಂದೆ ನಿಂತ ತೀರ್ಪುಗಾರರು ನನ್ನ ನಕ್ಷೆಯನ್ನು ನೋಡಿದ್ದಕ್ಕಿಂತ ಅದನ್ನು ತೋರಿಸುತ್ತಿದ್ದ ಬೆರಳನ್ನು ನೋಡಿದ್ದೇ ಹೆಚ್ಚು.

ಹಾಗಾಗಿ ಸಮ್ಮೇಳನಕ್ಕೆ ಓಟವೇ ಲೇಸು. ಒಂದು ಜೊತೆ ಬೂಟು, ಮುಗಿಯಿತು. ಕಾಲುದಾರಿಯಲ್ಲಿ ಓಡುವವನು ಕೆಡಿಸಿಕೊಂಡರೆ ಹೆಚ್ಚಾಗಿ ಪಾದದ ಕೀಲನ್ನು ಕೆಡಿಸಿಕೊಳ್ಳುತ್ತಾನೆ. ಸೈಕಲ್ಲಿನಿಂದ ಹಾರಿದವನು ಅಂಗೈ ಚಾಚಿ ಬೀಳುತ್ತಾನೆ. ಹೆಬ್ಬೆರಳ ಬುಡದ ಗುಳಿ ಒತ್ತಿದಾಗ ನೋವಾದರೆ ಮಣಿಕಟ್ಟಿನ ಸ್ಕಾಫಾಯ್ಡ್ ಎಂಬ ಪುಟ್ಟ ಮೂಳೆ ಮುರಿದಿರಬಹುದು, ಮೊದಲ ದಿನದ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು ಎಂದು ನಮ್ಮೆಲ್ಲರಿಗೂ ಬಾಯಿಪಾಠವಾಗಿದೆ. ಆದ್ದರಿಂದ ಸಮ್ಮೇಳನದ ಹೊತ್ತಿನಲ್ಲಿ ಬೀಳಲೇಬಾರದು. ಭಾವೀ ವೈದ್ಯರು ಸಾಲುಗಟ್ಟಿ ಬಂದು ಒಬ್ಬರಾದ ಮೇಲೊಬ್ಬರು ಆ ಗುಳಿಯನ್ನೇ ಒತ್ತಿ 'ಇಲ್ಲಿ ನೋವಿದೆಯೇ' ಎಂದು ಕೇಳುತ್ತಾರೆ. ಮೊದಲಿಗೆ ಇರದಿದ್ದರೂ ಹತ್ತನೆಯವರ ಹೊತ್ತಿಗೆ ಇರುತ್ತದೆ.

'ಎಲ್ಲವನ್ನೂ ಸರಿದೂಗಿಸಿಕೊಂಡು ಹೋಗಬೇಕಪ್ಪ' ಎಂದು ಹಿರಿಯರು ಬೆನ್ನು ತಟ್ಟುತ್ತಾರೆ. ಇದನ್ನು ಹೇಳುವವರು ಸಾಮಾನ್ಯವಾಗಿ ಲಿಫ್ಟಿನೊಳಗೆ ನಿಂತಿರುತ್ತಾರೆ. ಸರಿದೂಗಿಸುವ ಬಗೆ ಹೇಗೆಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ಬಗ್ಗೆ ನಾನೇ ನಾಲ್ಕು ಮಾತು ಬರೆಯಬೇಕೆಂದಿದ್ದೆ, ಆದರೆ ನಾಳೆಯ ವೇಳಾಪಟ್ಟಿ ಈಗಷ್ಟೇ ಮೊಬೈಲಿಗೆ ಬಂತು. ಸಂಜೆ ಐದರಿಂದ ಏಳರವರೆಗೆ, ಅಂದರೆ ಬೆಳಕಿರುವಷ್ಟೂ ಹೊತ್ತು, 'ವೈದ್ಯ ವಿದ್ಯಾರ್ಥಿಗಳಲ್ಲಿ ಬಳಲಿಕೆ ಮತ್ತು ಬಿಡುವಿನ ಮಹತ್ವ' ಕುರಿತು ಸಂವಾದ. ಹಾಜರಾತಿ ಕಡ್ಡಾಯ. ತಲೆಗೆ ಕಟ್ಟುವ ದೀಪವನ್ನು ಚಾರ್ಜಿಗೆ ಹಾಕಿದ್ದೇನೆ.